ಅಂಗೈ ಲೆಕ್ಕ

ಬೆಳಿಗ್ಗೆ ಹನ್ನೊಂದಕ್ಕೆ ರಸ್ತೆ ದಾಟುವುದು ನನ್ನ ಕೆಲಸವಾಗಿತ್ತು.
ಗೋಣಿಕೊಪ್ಪದ ಮೇನ್ ರೋಡಿನಲ್ಲಿ ಅದು ಸಣ್ಣ ಕೆಲಸವೇನಲ್ಲ:
ಕುಟ್ಟದ ಬಸ್ಸು, ಮರದ ಲಾರಿ,
ಜನ ನೇತಾಡುವ ತೋಟದ ಜೀಪು.
ಸಂಪಿಗೆ ಮಾರ್ಟಿನ ಯೂನಿಫಾರ್ಮಿನ ಮೇಲೊಂದು ಸ್ವೆಟರ್ ಹಾಕಿಕೊಂಡು
ಎದುರಿನ ತಾವರೆ ಬಜಾರಿಗೆ ಗಿರಾಕಿಯಾಗಿ ಹೋಗುತ್ತಿದ್ದೆ.
ಬುಟ್ಟಿಯಲ್ಲಿ ಒಂದೇ ಬೆಂಕಿಪೊಟ್ಟಣ,
ಎಡ ಅಂಗೈಯಲ್ಲಿ ನೀಲಿ ಪೆನ್ನಿನ ಅಂಕಿ.
ತೊಗರಿ ನೂರ ಐವತ್ತೆರಡು.
ಕಡಂಬುಟ್ಟಿನ ತರಿ ಐವತ್ತೆಂಟು.
ಬಟ್ಟೆ ಸೋಪು, ನಾಲ್ಕು ಕೊಂಡರೆ ಒಂದು ಉಚಿತ.

ವಾಪಸು ಬಂದು ಕೈ ಚಾಚಿದರೆ
ಮ್ಯಾನೇಜರ್ ಮೇದಪ್ಪ ಕನ್ನಡಕ ಏರಿಸಿ ಓದುತ್ತಿದ್ದರು,
ಹಸ್ತಸಾಮುದ್ರಿಕದವರ ಹಾಗೆ.
ಊಟದ ಹೊತ್ತಿಗೆ ನಮ್ಮ ತೊಗರಿ ನೂರ ಐವತ್ತೊಂದು.

ಅವರ ಕಡೆಯಿಂದ ಬರುತ್ತಿದ್ದವನು ನೌಫಲ್, ಸಂಜೆ ನಾಲ್ಕಕ್ಕೆ.
ಅವನು ಬರೆದುಕೊಳ್ಳುತ್ತಿರಲಿಲ್ಲ, ಎಲ್ಲ ಬಾಯಿಪಾಠ,
ತುಟಿ ಅಲ್ಲಾಡುತ್ತಿತ್ತು, ಪ್ರಾರ್ಥನೆ ಅಂದುಕೊಂಡಿದ್ದೆ.
ಒಂದು ವರ್ಷದ ಮೇಲೆ ಗುರುತಾಗಿ
ಮಳೆ ಜೋರಿದ್ದ ದಿನ ಇಬ್ಬರೂ ಟೀ ಅಂಗಡಿಯಲ್ಲೇ ಕುಳಿತು
ನಮ್ಮದು ಅವನಿಗೆ, ಅವರದು ನನಗೆ ಹೇಳಿಕೊಂಡು ಮುಗಿಸುತ್ತಿದ್ದೆವು.
ಸುಳ್ಳು ಹೇಳುವುದಿಲ್ಲ ಅಂತ ಮಾತಾಗಿತ್ತು.

ಹೇಳಿದೆ, ಒಮ್ಮೆ.
ಕಾಫಿ ಕುಯ್ಲು ಮುಗಿದು ಕೆಲಸ ಕಡಿಮೆಯಾದ ಫೆಬ್ರವರಿ.
ಲೈನ್‌ಮನೆಯ ಜಾನು ಎಣ್ಣೆ ಪ್ಯಾಕೆಟ್ಟನ್ನು ಮೂರು ಸಲ ಎತ್ತಿ
ಮೂರು ಸಲ ಅಲ್ಲೇ ಇಟ್ಟು ಹೋಗಿದ್ದಳು.
‘ನಾಳೆಯಿಂದ ನಮ್ಮಲ್ಲಿ ಎಣ್ಣೆ ಒಂಬತ್ತು ರೂಪಾಯಿ ಇಳಿಯುತ್ತದೆ’ ಅಂದೆ ನೌಫಲನಿಗೆ.
ರಾತ್ರಿಯೇ ತಾವರೆಯವರು ಹತ್ತು ಇಳಿಸಿದರು.
ಬೆಳಿಗ್ಗೆ ಅಂಗೈ ಓದಿ ಮೇದಪ್ಪ ಹನ್ನೊಂದು.
ಆ ಭಾನುವಾರದ ಸಂತೆಗೆ ಬಂದವರೆಲ್ಲ ಎಣ್ಣೆ ಹೊತ್ತುಕೊಂಡು ಹೋದರು.
ಜಾನು ಎರಡು ಒಯ್ದಳು, ಒಂದು ಸೆರಗಿನಲ್ಲಿ, ಮಗು ಎತ್ತಿಕೊಂಡ ಹಾಗೆ.

ಇಬ್ಬರ ಜಗಳ ಮೂರನೆಯವರಿಗೆ ಲಾಭ ಅಂತಾರೆ.
ಪೂರ್ತಿ ನಿಜವಲ್ಲ. ಬಸ್‌ಸ್ಟ್ಯಾಂಡಿನ ಅಬೂ ಕಾಕ
ನಮ್ಮಿಬ್ಬರ ಜಗಳದಲ್ಲೇ ಬಾಗಿಲು ಎಳೆದುಕೊಂಡವರು.
ಕಡೆಕಡೆಗೆ ತಮ್ಮ ಅಂಗಡಿಗೆ ಸಕ್ಕರೆ ನಮ್ಮಲ್ಲೇ ಕೊಳ್ಳುತ್ತಿದ್ದರು,
ಸಗಟಿನವನಿಗಿಂತ ಅಗ್ಗ ಅಂತ, ನಗುತ್ತ.
ಸಾಲದ ಪುಸ್ತಕವೂ ಅವರೊಟ್ಟಿಗೇ ಹೋಯಿತು.

ಮೊನ್ನೆ ಯುಗಾದಿಯ ಮಾರನೆ ದಿನ ಫ್ಲೆಕ್ಸ್ ಎದ್ದಿತು,
ರಸ್ತೆಯ ಎರಡೂ ಬದಿಗೆ ಒಂದೇ ಫ್ಲೆಕ್ಸ್:
‘ನಾವಿನ್ನು ಒಂದೇ ಮನೆ.’
ತಾವರೆಯ ಪಕ್ಕ ಸಂಪಿಗೆ, ಮಧ್ಯೆ ಕೈಕುಲುಕುವ ಚಿತ್ರ.
ನಮಗೆ ತಲಾ ಎರಡು ಲಾಡು.
ಮೇದಪ್ಪ ಎರಡೂ ಅಂಗಡಿಗೆ ಮ್ಯಾನೇಜರು.
ನೌಫಲನನ್ನು ಹುಣಸೂರಿನ ಗೋಡೌನಿಗೆ ಹಾಕಿದರು,
ನನ್ನನ್ನು ತರಕಾರಿ ತೂಕಕ್ಕೆ.

ಬೆಲೆ ಒಮ್ಮೆಗೇ ಹಾರಲಿಲ್ಲ, ಅದು ಹೇಳಬೇಕು.
ಎರಡು ರೂಪಾಯಿ. ಹದಿನೈದು ದಿನ ಬಿಟ್ಟು ಮತ್ತೆ ಮೂರು.
ಸೋಪಿನ ಉಚಿತ ಐದನೆಯದು ಸದ್ದಿಲ್ಲದೆ ಕಾಣೆಯಾಯಿತು.
ತರಿಯ ಪೊಟ್ಟಣದ ಬಣ್ಣ ಅದೇ, ಒಳಗೆ ಒಂಬೈನೂರು ಗ್ರಾಂ.

ಜಾನು ಬಂದಳು. ಎಣ್ಣೆ ನೋಡಿದಳು, ಇಟ್ಟಳು,
ಹಳೆಯ ಅಭ್ಯಾಸ, ರಸ್ತೆ ದಾಟಿದಳು.
ಗಾಜಿನಾಚೆ ನೋಡುತ್ತಲೇ ಇದ್ದೆ.
ಜೀಪೊಂದು ಹಾರ್ನು ಬಾರಿಸಿತು, ನಿಂತಳು, ಮರಳಿ ಬಂದಳು.
‘ಅಲ್ಲೂ ಅಷ್ಟೇ ಅಕ್ಕ. ಇನ್ನೆಲ್ಲಿ ನೋಡಲಿ?’
ಅವಳ ಬೀನ್ಸ್ ತಕ್ಕಡಿಯಲ್ಲಿತ್ತು.
ಮುನ್ನೂರ ಹತ್ತು ಗ್ರಾಂ. ಮುನ್ನೂರಕ್ಕೆ ಸ್ಟಿಕರ್ ಒತ್ತಿದೆ.
ನನ್ನ ಅಧಿಕಾರ ಇಷ್ಟು: ಹತ್ತು ಗ್ರಾಂ.

ನಿನ್ನೆ ನೌಫಲ್ ಫೋನು ಮಾಡಿದ.
ಊಟ ಆಯಿತಾ, ಚಳಿ ಹೇಗಿದೆ, ಎಲ್ಲ ಆದ ಮೇಲೆ
‘ತೊಗರಿ ಎಷ್ಟು ಅಲ್ಲಿ?’ ಅಂದ, ತಮಾಷೆಗೆ.
ನೂರ ಅರವತ್ತೇಳು. ‘ಇಲ್ಲೂ’ ಅಂದ.
ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು, ಫೋನಿನ ದುಡ್ಡು ಓಡುತ್ತಿತ್ತು.
‘ಒಂಬತ್ತು ಕಡಿಮೆ ಮಾಡಿ ಹೇಳು ಅಕ್ಕ’ ಅಂದ.
‘ಅವತ್ತೂ ನನಗೆ ಗೊತ್ತಿತ್ತು.’